ನೀರಿನ ಅರಮನೆಯ ಅರಸು: ಎರಡನೆಯ ಇಬ್ರಾಹಿಂ ಆದಿಲ್‌ಶಾಹ

(ಅಂತಿಮ ಬಿ.ಎ. ವಿದ್ಯಾರ್ಥಿ)

ಬೇಸಗೆಯ ನಡುಹಗಲಿನಲ್ಲಿ ಶೀಟಿನ ಮಾಡಿನ ಕೆಳಗೆ ಕುಳಿತು ಓದಿದವರಿಗೆ ತಂಪು ಎಂಬ ಮಾತಿನ ಬೆಲೆಯನ್ನು ಬೇರೆಯಾಗಿ ತಿಳಿಸಿ ಹೇಳಬೇಕಾದುದಿಲ್ಲ. ನಮ್ಮೂರು ಸೊರಬ ತಾಲ್ಲೂಕಿನ ಗುಡವಿ. ಮಳೆಗಾಲದಲ್ಲಿ ನಮ್ಮ ಕೆರೆಯೊಳಗಿನ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಂತು ಬಿಳಿ ಕೆಂಬರಲು, ನೀರುಕಾಗೆಗಳ ಗೂಡುಗಳನ್ನು ಹೊರುತ್ತವೆ. ಅವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅಂತಹ ಊರಿನವನು ಸೆಕೆಯ ಮಾತನ್ನಾಡಿದರೆ ಬಯಲುಸೀಮೆಯ ಮಿತ್ರರು ನಗಬಹುದು. ಆದರೆ ನಮ್ಮ ಮನೆಯ ಹಳೆಯ ನಾಡಹೆಂಚುಗಳೊಡೆದು, ಹೊಸ ಹೆಂಚಿಗೆ ಹಣ ಸಾಲದೆ, ಮಾಡಿಗೆ ಶೀಟು ಬಂದ ವರ್ಷದಿಂದ ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಒಳಮನೆ ಕಾದ ಹೆಂಚಾಗುತ್ತ ಬಂದಿದೆ. ಹಾಸಿಗೆ ಹಿಡಿದ ಅಜ್ಜಿ ಅಲ್ಲಿಯೇ ಮಲಗಿರಬೇಕು, ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಓದುವ ತಂಗಿ ಅಲ್ಲಿಯೇ ಓದಬೇಕು.

ಈ ಚಿಂತೆಯನ್ನು ತಲೆಯಲ್ಲಿಟ್ಟುಕೊಂಡೇ ನಾನು ಕಳೆದ ವರ್ಷ ಚರಿತ್ರೆ ವಿಭಾಗದ ಪ್ರವಾಸದಲ್ಲಿ ವಿಜಯಪುರವನ್ನು ನೋಡಿದೆನು. ಎಲ್ಲರಂತೆ ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿಯನ್ನು ಕೇಳಿದೆನು. ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದುದು ಅರಕಿಲ್ಲೆಯ ಸಾತ್ ಮಂಜಿಲ್ ಎಂಬ ಪಾಳುಗಟ್ಟಡ. ಅದರ ಗೋಡೆಗಳಲ್ಲಿ ನೀರಿನ ಕೊಳವೆಗಳು ಹಾದುಹೋದ ಗುರುತುಗಳಿವೆ. ಮೇಲಣ ಅಂತಸ್ತುಗಳಲ್ಲಿಯೂ ನೀರಿನ ತೊಟ್ಟಿಗಳಿದ್ದುವು. ನಾನೂರು ವರ್ಷಗಳಿಗೂ ಹಿಂದೆ, ವಿದ್ಯುತ್ತಿನ ಪಂಪು ಇಲ್ಲದ ಕಾಲದಲ್ಲಿ, ಮಹಡಿಯ ಮೇಲೆ ಮಹಡಿಗೆ ನೀರನ್ನು ಏರಿಸಿಕೊಂಡು ತಂಪಾಗಿ ಬದುಕಿದ ಆ ಮನುಷ್ಯನಾರು? ಆತನ ಬಾಳು ಹೇಗಿದ್ದಿತು? ಈ ಲೇಖನ ಆ ಕುತೂಹಲದ ಫಲ.

ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ಪಟ್ಟಕ್ಕೆ ಬಂದುದು ಕ್ರಿ.ಶ. 1580ರಲ್ಲಿ. ಆಗ ಅವನಿಗೆ ಸುಮಾರು ಒಂಬತ್ತು ವರ್ಷ. ಅವನ ದೊಡ್ಡಪ್ಪನಾದ ಒಂದನೆಯ ಅಲಿ ಆದಿಲ್‌ಶಾಹನು ಗಂಡು ಸಂತಾನವಿಲ್ಲದೆ ಕೊಲೆಗೀಡಾದ ಕಾರಣ, ತಮ್ಮ ತಹಮಾಸ್ಪನ ಮಗನಾದ ಈ ಹುಡುಗನನ್ನು ಸಿಂಹಾಸನದ ಮೇಲೆ ಕುಳ್ಳಿರಿಸಿದರು. ಅಲಿಯ ವಿಧವೆಯಾದ ಚಾಂದಬೀಬಿಯು ಬಾಲಕನಿಗೆ ತಾಯಿಯಾಗಿ ನಿಂತಳು. ಆದರೆ ಅರಮನೆಯಲ್ಲಿ ಅಧಿಕಾರಕ್ಕಾಗಿ ನಡೆದ ಕಾದಾಟಕ್ಕೆ ಕೊನೆಯಿರಲಿಲ್ಲ. ಮೊದಲು ಕಾಮಿಲ್ ಖಾನನು ಆಡಳಿತವನ್ನು ಹಿಡಿದು ಪ್ರಾಣ ಕಳೆದುಕೊಂಡನು. ಅವನ ಬಳಿಕ ಬಂದ ಕಿಶ್ವರ್ ಖಾನನು ಚಾಂದಬೀಬಿಯನ್ನೇ ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಆಕೆ ಬಿಡುಗಡೆ ಹೊಂದಿ ಮರಳಿದರೂ 1582ರಿಂದ ಎಂಟು ವರ್ಷಗಳ ಕಾಲ ನಿಜವಾದ ಅಧಿಕಾರವೆಲ್ಲ ದಿಲಾವರ್ ಖಾನನ ಕೈಯಲ್ಲಿದ್ದಿತು. ನಾವು ಶಾಲೆಗೆ ಹೋಗುವ ವಯಸ್ಸಿನಲ್ಲಿ ಈ ಹುಡುಗನು ತನ್ನ ಸುತ್ತಲಿನವರಲ್ಲಿ ಯಾರು ಇಂದು ಇದ್ದಾರೆ, ಯಾರು ನಾಳೆ ಇರುವುದಿಲ್ಲ ಎಂಬುದನ್ನು ನೋಡುತ್ತ ಬೆಳೆದನು.

ಸಾತ್ ಮಂಜಿಲನ್ನು ಕಟ್ಟಿದುದು ಈ ಕಾಲದಲ್ಲಿಯೇ, 1583ರಲ್ಲಿ. ಹೆಸರೇ ಹೇಳುವಂತೆ ಅದು ಏಳು ಅಂತಸ್ತಿನ ಅರಮನೆ. ಈಗ ಐದು ಮಾತ್ರ ಉಳಿದಿವೆ. ಅದರ ಎದುರಿಗೆ ಜಲಮಂದಿರವೆಂಬ ಪುಟ್ಟ ಮಂಟಪವಿದೆ. ಒಂದು ಕಾಲದಲ್ಲಿ ಅದು ನೀರಿನ ನಡುವೆ ನಿಂತಿದ್ದಿತು. ಪಟ್ಟಣದ ಪೂರ್ವಕ್ಕೆ ಕೆಲವು ಹರದಾರಿಗಳ ದೂರದಲ್ಲಿರುವ ಕುಮಟಗಿಯಲ್ಲಿಯೂ ಆದಿಲ್‌ಶಾಹಿಗಳ ಕಾಲದ ಇಂತಹ ವಿಹಾರಮಂಟಪಗಳಿವೆ. ಅಲ್ಲಿ ಕೊಳದ ನಡುವೆ ಮನೆ. ಮನೆಯ ಛಾವಣಿಯಿಂದ ಕೊಳವೆಗಳ ಮೂಲಕ ಮಳೆಯಂತೆ ನೀರು ಬೀಳುವ ಏರ್ಪಾಡು. ಮೋಡವಿಲ್ಲದ ನಾಡಿನಲ್ಲಿ ಮನೆಯೊಳಗೇ ಮಳೆಯನ್ನು ತರಿಸಿಕೊಳ್ಳುವ ಈ ಆಸೆಯನ್ನು ನೋಡಿ ಮಲೆನಾಡಿನವನಾದ ನನಗೆ ಮೊದಲು ನಗು ಬಂದಿತು. ಆಮೇಲೆ ಮರುಕವೂ ಆಯಿತು.

ಈ ಆಸೆಗೆ ಕಾರಣ ಆ ನೆಲವೇ. ವಿಜಾಪುರದ ಸೀಮೆಗೆ ವರ್ಷಕ್ಕೆ ಬೀಳುವ ಮಳೆ 60 ಸೆಂಟಿಮೀಟರಿನ ಆಸುಪಾಸು. ಕರಿಗಲ್ಲಿನ ಬಯಲು, ಗಾಳಿಗೆ ಅಡ್ಡವಾಗಿ ಕಾಡಿಲ್ಲ, ಗುಡ್ಡವಿಲ್ಲ. ಹಗಲೆಲ್ಲ ಕಾದ ಕಲ್ಲು ರಾತ್ರಿಯೂ ಬೆಚ್ಚಗಿರುತ್ತದೆ. ಆದರೆ ಇದೇ ಒಣಗಾಳಿಯಲ್ಲಿ ಒಂದು ಗುಣವೂ ಉಂಟು. ಅದು ನೀರನ್ನು ಕಂಡರೆ ಕುಡಿಯುತ್ತದೆ. ನಮ್ಮ ಭೌತಶಾಸ್ತ್ರದ ಉಪನ್ಯಾಸಕರು ನನಗೆ ಲೆಕ್ಕ ಹಾಕಿ ತೋರಿಸಿದರು: ಒಂದು ಲೀಟರು ನೀರು ಆವಿಯಾಗಬೇಕಾದರೆ ಅದು ಸುತ್ತಲಿನಿಂದ ಹೀರಿಕೊಳ್ಳುವ ಶಾಖವು ಸುಮಾರು ಏಳು ಲೀಟರು ಬಾವಿನೀರನ್ನು ಒಲೆಯ ಮೇಲಿಟ್ಟು ಕುದಿಸಲು ಬೇಕಾಗುವಷ್ಟು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ, ಬೆವರಿದ ಮೈಗೆ ಗಾಳಿ ಹಿತವಾಗುವುದೂ, ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ತಂಪಾಗುವುದೂ ಈ ಒಂದೇ ಕಾರಣದಿಂದ. ಕೊಳದ ಮೇಲೆ ಬೀಸಿ ಬಂದ ಗಾಳಿ ಮಂಟಪದ ಕಮಾನುಗಳ ಮೂಲಕ ಹಾಯುವಾಗ, ಕೊಳವೆಯ ತುದಿಯಲ್ಲಿ ನೀರು ಸಣ್ಣ ಹನಿಯಾಗಿ ಒಡೆದು ಬೀಳುವಾಗ, ಆವಿಯಾಗುವುದಕ್ಕೆ ನೀರಿನ ಮೈ ಹೆಚ್ಚುತ್ತದೆ, ತಂಪೂ ಹೆಚ್ಚುತ್ತದೆ. ಅರಮನೆಯ ಶಿಲ್ಪಿಗಳಿಗೆ ಈ ಲೆಕ್ಕ ಗೊತ್ತಿರದಿದ್ದರೂ ಅದರ ಫಲ ಚೆನ್ನಾಗಿ ಗೊತ್ತಿದ್ದಿತು.

ಇಷ್ಟೊಂದು ನೀರು ಬರುತ್ತಿದ್ದುದೆಲ್ಲಿಂದ? ಪಟ್ಟಣದ ಪಶ್ಚಿಮಕ್ಕೆ ತೊರವಿ ಎಂಬ ಹಳ್ಳಿಯಿದೆ. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣದಿಂದ ನಮ್ಮೆಲ್ಲರಿಗೂ ಆ ಹೆಸರು ಪರಿಚಿತ. ಆ ಕಡೆಯ ನೀರನ್ನು ನೆಲದೊಳಗಣ ಸುರಂಗದ ಮೂಲಕ ಪಟ್ಟಣಕ್ಕೆ ತಂದವನು ಇಬ್ರಾಹಿಮನ ದೊಡ್ಡಪ್ಪನಾದ ಅಲಿ ಆದಿಲ್‌ಶಾಹ. ಊರಿನ ಸುತ್ತಣ ಕೋಟೆಯನ್ನು ಕಟ್ಟಿಸಿದವನೂ, ತನ್ನ ರಾಣಿಯ ಹೆಸರಿನ ಚಾಂದ ಬಾವಡಿಯನ್ನು ತೋಡಿಸಿದವನೂ ಆತನೇ. ಬಾಲಕ ಇಬ್ರಾಹಿಮನಿಗೆ ಸಿಂಹಾಸನದೊಡನೆ ಈ ನೀರೂ ಬಳುವಳಿಯಾಗಿ ಬಂದಿತು. ಆದರೆ ನೀರು ತಾನಾಗಿ ಇಳಿಯುವುದಲ್ಲದೆ ಏರುವುದಿಲ್ಲ. ಸುರಂಗದಲ್ಲಿ ಇಳಿದುಬಂದ ನೀರು ಮಹಡಿಯ ತೊಟ್ಟಿಯನ್ನು ಸೇರಬೇಕಾದರೆ ಅದನ್ನು ಯಾರಾದರೂ ಎತ್ತಲೇಬೇಕು. ಎತ್ತಿನ ಹೆಗಲೋ, ಆಳಿನ ಹೆಗಲೋ, ಒಂದು ಹೆಗಲಿಲ್ಲದೆ ಆ ಕೊಳವೆಗಳಲ್ಲಿ ಒಂದು ಹನಿಯೂ ಹರಿದಿರಲಾರದು. ಆ ಹೆಗಲುಗಳ ಹೆಸರು ಯಾವ ಶಾಸನದಲ್ಲಿಯೂ ಕಾಣುವುದಿಲ್ಲ.

1590ರಲ್ಲಿ, ಇಪ್ಪತ್ತರ ಹೊತ್ತಿನಲ್ಲಿ, ಅಂದರೆ ಇಂದು ನಮ್ಮ ತರಗತಿಯಲ್ಲಿರುವವರ ವಯಸ್ಸಿನಲ್ಲಿ, ಇಬ್ರಾಹಿಮನು ದಿಲಾವರ್ ಖಾನನನ್ನು ಕಳೆದು ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ದಿಲಾವರನನ್ನು ಕಡೆಗೆ ಕುರುಡನನ್ನಾಗಿ ಮಾಡಿ ಸೆರೆಯಲ್ಲಿಟ್ಟರು. ಬೆಳಗಾವಿಯಲ್ಲಿ ದಂಗೆಯೆದ್ದ ಸ್ವಂತ ತಮ್ಮ ಇಸ್ಮಾಯಿಲನನ್ನೂ ಅವನು ಉಳಿಸಲಿಲ್ಲ. ಅವನನ್ನು ಹೊಗಳುವವರು ಈ ಸಂಗತಿಗಳನ್ನು ಮರೆಮಾಡುವುದುಂಟು. ಆದರೆ ಸತ್ಯವನ್ನು ಬಿಟ್ಟು ಬರೆದ ಚರಿತ್ರೆ ಚರಿತ್ರೆಯಲ್ಲ. ತನ್ನನ್ನು ಸಾಕಿದ ಚಾಂದಬೀಬಿಯು ತವರಾದ ಅಹಮದನಗರದ ಕೋಟೆಯಲ್ಲಿ ಮೊಗಲರನ್ನೆದುರಿಸಿ ನಿಂತಾಗ ಅವನು ನೆರವಿಗೆ ಸೈನ್ಯವನ್ನು ಕಳುಹಿಸಿದನೆಂಬುದೂ ಅಷ್ಟೇ ಸತ್ಯ. ಆ ಕೋಟೆ 1600ರಲ್ಲಿ ಮೊಗಲರ ವಶವಾಗುವ ಮುನ್ನವೇ ಆ ವೀರವನಿತೆ ತನ್ನ ಕಡೆಯವರ ಕೈಯಿಂದಲೇ ಹತಳಾದಳು.

ಆದರೆ ಇಬ್ರಾಹಿಮನ ಮನಸ್ಸು ಒಲಿದುದು ಕತ್ತಿಗಲ್ಲ, ಸಂಗೀತಕ್ಕೆ. ಅವನು ದಖನಿ ಭಾಷೆಯಲ್ಲಿ ಕಿತಾಬ್-ಎ-ನವರಸ್ ಎಂಬ ಗೀತಸಂಗ್ರಹವನ್ನು ರಚಿಸಿದನು. ಅದರಲ್ಲಿ ಪ್ರವಾದಿಯ ಸ್ಮರಣೆಯೂ, ಕಲಬುರಗಿಯ ಬಂದೇನವಾಜರ ಸ್ಮರಣೆಯೂ ಇರುವಂತೆಯೇ ಸರಸ್ವತಿಯ ಸ್ತುತಿಯೂ ಗಣಪತಿಯ ಸ್ತುತಿಯೂ ಇವೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅದನ್ನು ಮಿತ್ರನಂತೆ ಕಂಡನು. ಚರಿತ್ರಕಾರ ಫಿರಿಷ್ತಾ, ಪಾರಸೀ ಕವಿ ಜುಹೂರಿ ಮೊದಲಾದವರು ಅವನ ಆಶ್ರಯದಲ್ಲಿದ್ದರು. ಪ್ರಜೆಗಳು ಅವನನ್ನು ಜಗದ್ಗುರು ಬಾದಷಾಹನೆಂದು ಕರೆದರು. ಮತಭೇದದ ಮಾತು ಬಂದಾಗಲೆಲ್ಲ ಈ ದೊರೆಯನ್ನು ನಾವು ನೆನೆಯುವುದು ಉಚಿತವೇ ಸರಿ.

ಹಾಡಿನ ಈ ಹುಚ್ಚು ಕಡೆಗೆ ಒಂದು ಪಟ್ಟಣದ ರೂಪವನ್ನೇ ತಾಳಿತು. 1599ರಲ್ಲಿ ಅವನು ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಿಸತೊಡಗಿದನು. ನೀರಿನ ಮೂಲವಿರುವಲ್ಲಿಗೇ ಅರಸನು ಮನೆಯನ್ನು ಒಯ್ದನೆಂದು ಹೇಳಬಹುದು. ಅರಮನೆಗಳೆದ್ದುವು. ಇಂದು ಸಂಗೀತ ಮಹಲೆಂದು ಕರೆಯುವ ಸಭಾಭವನ ನಿಂತಿತು. ಅದರ ಮುಂದೆ ಕೊಳವನ್ನು ಕಟ್ಟಿದರು. ನೀರಿನ ಮೇಲಿನಿಂದ ಬಂದ ತಂಗಾಳಿಯಲ್ಲಿ ಹಾಡು ಕೇಳುವ ಸಂಜೆಗಳನ್ನು ನಾವು ಊಹಿಸಿಕೊಳ್ಳಬಹುದು. ಆದರೆ ಆ ಹೊಸ ನಗರದ ಸುತ್ತ ತೊಡಗಿದ್ದ ಗೋಡೆ ಮಾತ್ರ ಪೂರ್ತಿಯಾಗಲಿಲ್ಲ.

ಅರಸನಿಗೆ ಐವತ್ತರ ಹತ್ತಿರ ವಯಸ್ಸಾಗಿದ್ದಾಗ, 1620ರಲ್ಲಿ, ಹಳೆಯ ಪಟ್ಟಣದ ಪಶ್ಚಿಮದ ಕೋಟೆಗೋಡೆಯ ಒಳಗೆ ಇನ್ನೊಂದು ಕೆಲಸ ನಡೆಯಿತು. ಅವನ ಪಟ್ಟದರಾಣಿ ತಾಜ್ ಸುಲ್ತಾನಳ ಗೌರವಾರ್ಥವಾಗಿ ಮಲಿಕ್ ಸಂದಲನೆಂಬ ಅಧಿಕಾರಿಯು ತಾಜ್ ಬಾವಡಿಯನ್ನು ಕಟ್ಟಿಸಿದನು. ಅದು ಸುಮಾರು 220 ಅಡಿ ಚೌಕದ, 50 ಅಡಿಗೂ ಮಿಕ್ಕಿ ಆಳದ ಬಾವಿ. ಎದುರಿಗೆ ಎತ್ತರವಾದ ಕಮಾನು. ಇಕ್ಕೆಲಗಳಲ್ಲಿ ದಾರಿಹೋಕರು ತಂಗುವ ಕೋಣೆಗಳು. ನೀರಿನವರೆಗೆ ಇಳಿಯುವ ಮೆಟ್ಟಿಲುಗಳು. ಇಲ್ಲಿಯೂ ತಂಪಿದೆ. ಆದರೆ ಇದು ಅರಸನು ಮಹಡಿಗೆ ತರಿಸಿಕೊಂಡ ತಂಪಲ್ಲ. ಬಿಸಿಲಿನಲ್ಲಿ ನಡೆದು ಬಂದವನು ತಾನೇ ಮೆಟ್ಟಿಲಿಳಿದು ಪಡೆಯುವ ತಂಪು.

ಈ ಎರಡು ಬಗೆಯ ನೀರಿಗೂ ಪರೀಕ್ಷೆಯ ದಿನ ಬೇಗನೆ ಬಂದಿತು. 1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನು ಭಾತವಡಿಯ ಕಾಳಗದಲ್ಲಿ ವಿಜಾಪುರ ಮತ್ತು ಮೊಗಲರ ಕೂಡುಸೈನ್ಯವನ್ನು ಸೋಲಿಸಿ ನೇರವಾಗಿ ವಿಜಾಪುರದ ಕಡೆಗೆ ನುಗ್ಗಿದನು. ಕೋಟೆಯಿಲ್ಲದ ನವರಸಪುರ ಅವನ ಕೈಗೆ ಸುಲಭವಾಗಿ ಸಿಕ್ಕಿ ಹಾಳಾಯಿತು. ಕಾಲು ಶತಮಾನದ ಕನಸು ಕೆಲವೇ ದಿನಗಳಲ್ಲಿ ಮಣ್ಣುಪಾಲಾಯಿತು. ಅರಸನೂ ಜನರೂ ಬದುಕಿದುದು ಅಲಿ ಆದಿಲ್‌ಶಾಹನು ಕಟ್ಟಿಸಿದ ಹಳೆಯ ಕೋಟೆಯೊಳಗೆ. ಮುತ್ತಿಗೆಯ ದಿನಗಳಲ್ಲಿ ಜನರ ಬಾಯಾರಿಕೆಯನ್ನು ನೀಗಬೇಕಾದುದು ಕೋಟೆಯ ಒಳಗಿದ್ದ ಬಾವಿಗಳೇ ಹೊರತು ಸಂಗೀತ ಮಹಲಿನ ಕೊಳವಲ್ಲ. ಆ ದಿನಗಳಲ್ಲಿ ಇಬ್ರಾಹಿಮನ ಮನಸ್ಸಿನಲ್ಲಿ ಏನಿದ್ದಿತೋ ನಾವು ಅರಿಯೆವು. ಅವನು ನವರಸಪುರವನ್ನು ಮತ್ತೆ ಎಬ್ಬಿಸಲಿಲ್ಲ.

1627ರಲ್ಲಿ ಅವನು ತೀರಿಕೊಂಡನು. ಆಳಿದುದು ನಲವತ್ತೇಳು ವರ್ಷ. ಇಬ್ರಾಹಿಂ ರೋಜಾ ಎಂಬ ಗೋರಿಯಲ್ಲಿ ರಾಣಿ ತಾಜ್ ಸುಲ್ತಾನಳೂ ಅವನೂ ಮಲಗಿದ್ದಾರೆ. ಗೋರಿಗೂ ಮಸೀದಿಗೂ ನಡುವೆ ಅಲ್ಲಿಯೂ ಒಂದು ಕೊಳವಿದೆ. ಕಲ್ಲಿನ ಜಾಲಂಧ್ರಗಳ ಮೂಲಕ ಅಲ್ಲಿಯೂ ಗಾಳಿ ಹಾಯುತ್ತದೆ. ಸತ್ತ ಮೇಲೂ ಈ ದೊರೆ ನೀರಿನ ನೆರೆಯನ್ನು ಬಿಡಲಿಲ್ಲ.

ಪ್ರವಾಸದಿಂದ ಮರಳಿದವನು ನಾನೂ ನಮ್ಮ ಮನೆಯಲ್ಲಿ ಒಂದು ಸಾತ್ ಮಂಜಿಲನ್ನು ಕಟ್ಟಲು ಹೊರಟೆನು! ಶೀಟಿನ ಮೇಲೆ ಹಳೆಯ ಗೋಣಿತಾಟುಗಳನ್ನು ಹಾಸಿ, ಬಾರೆಯ ಮೇಲೆ ತೂತು ಕೊರೆದ ಪೈಪೊಂದನ್ನು ಕಟ್ಟಿ, ಹಿತ್ತಲಿನ ಹಲಸಿನ ಮರದ ಕವಲಿನಲ್ಲಿ ಡ್ರಮ್ಮೊಂದನ್ನು ಇಟ್ಟೆನು. ಡ್ರಮ್ಮಿನ ನೀರು ಪೈಪಿನಲ್ಲಿಳಿದು ತೊಟ್ಟಿಕ್ಕಿ ಗೋಣಿಯನ್ನು ನೆನೆಸುತ್ತಿದ್ದಿತು. ಮಾರ್ಚಿಯ ಒಣಬಿಸಿಲಿನಲ್ಲಿ ಅದು ನಿಜವಾಗಿಯೂ ಕೆಲಸ ಮಾಡಿತು. ಮಧ್ಯಾಹ್ನ ಮೂರು ಗಂಟೆಗೆ ತಂಗಿ ಒಳಗೆ ಕುಳಿತು ಓದಿದಳು. ಅಜ್ಜಿ ಬೀಸಣಿಗೆಯನ್ನು ಕೆಳಗಿಟ್ಟು ನಿದ್ದೆಹೋದಳು. ನಾನು ನಾಲ್ಕು ದಿನ ಬಾದಷಾಹನಂತೆ ಓಡಾಡಿದೆನು.

ಐದನೆಯ ದಿನ ಬೆಳಗ್ಗೆ ಬೇಗ ಎದ್ದವನು ಅವ್ವ ಬಾವಿಯಿಂದ ಕೊಡಪಾನ ಹೊತ್ತು ಬರುತ್ತಿರುವುದನ್ನು ಕಂಡೆನು. ಆಕೆ ಏಣಿಯ ಮೂರನೆಯ ಮೆಟ್ಟಿಲನ್ನು ಹತ್ತಿ, ಮರದ ಮೇಲಿನ ಡ್ರಮ್ಮಿಗೆ ನೀರು ಸುರಿದು, ಇಳಿದು ಮತ್ತೆ ಬಾವಿಯ ಕಡೆಗೆ ನಡೆದಳು. ದಿನಕ್ಕೆ ಹತ್ತು ಕೊಡ. ಹಿಂದಿನ ಸಂಜೆ ನಾನು ತುಂಬಿಸಿದ್ದು ಸಾಲುವುದಿಲ್ಲವೆಂದು ಕಂಡುಕೊಂಡು, ನಾನು ಕಾಲೇಜಿನ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಆಕೆ ಯಾರಿಗೂ ಹೇಳದೆ ಉಳಿದುದನ್ನು ತುಂಬಿಸುತ್ತಿದ್ದಳು. ಸಾತ್ ಮಂಜಿಲಿನ ಗೋಡೆಯ ಮುಂದೆ ನಿಂತು ನಾನು ಹೆಗಲುಗಳ ಬಗೆಗೆ ಯೋಚಿಸಿರಲಿಲ್ಲ. ಆ ಯೋಚನೆ ಬಂದುದು ನಮ್ಮ ಹಿತ್ತಲಿನ ಏಣಿಯ ಬುಡದಲ್ಲಿ.

ಏಪ್ರಿಲ್ ಕಳೆಯುವಷ್ಟರಲ್ಲಿ ಬಾವಿಯ ನೀರು ತಳ ಕಂಡಿತು. ಮೇ ತಿಂಗಳಿನಲ್ಲಿ ಮೋಡ ಕವಿದು ಗಾಳಿಯಲ್ಲಿ ಪಸೆ ತುಂಬಿದಾಗ ಗೋಣಿ ನೆನೆದೇ ಇದ್ದರೂ ಒಳಗೆ ತಂಪಾಗಲಿಲ್ಲ. ಸೆಕೆ ಇನ್ನಷ್ಟು ಹೆಚ್ಚಿತು. ಮೊದಲೇ ನೀರನ್ನು ಕುಡಿದು ತಣಿದ ಗಾಳಿ ಮತ್ತೆ ಕುಡಿಯುವುದಿಲ್ಲ. ವಿಜಾಪುರದ ಬಯಲಿಗೆ ಸಲ್ಲುವ ಉಪಾಯ ಮಲೆನಾಡಿಗೆ ವರ್ಷದಲ್ಲಿ ಕೆಲವು ವಾರ ಮಾತ್ರ ಸಲ್ಲುತ್ತದೆಂಬುದನ್ನು ನಾನು ಹೀಗೆ ಕಲಿತೆನು. ನಮ್ಮ ಹಿರಿಯರಿಗೆ ಇದು ಗೊತ್ತಿದ್ದಿತೆಂದು ತೋರುತ್ತದೆ. ಅವರು ಮಾಡಿಗೆ ನೀರನ್ನು ಹತ್ತಿಸದೆ ಅಡಿಕೆಯ ಸೋಗೆಯನ್ನು ಹೊದಿಸಿದರು. ಬಿಸಿಲನ್ನು ಒಳಗೆ ಬಿಟ್ಟು ಆಮೇಲೆ ಆರಿಸುವ ಬದಲು ಹೊರಗೇ ತಡೆದರು.

ಈ ವರ್ಷ ನಾನು ಶೀಟಿನ ಮೇಲೆ ಸೋಗೆಯನ್ನು ದಪ್ಪನಾಗಿ ಹೊದಿಸಿದ್ದೇನೆ. ಡ್ರಮ್ಮನ್ನು ಮರದಿಂದಿಳಿಸಿ ಅವ್ವನ ಅಡುಗೆಮನೆಯ ಬಾಗಿಲಿಗೆ ತಂದಿದ್ದೇನೆ. ಅದಕ್ಕೆ ನೀರು ತುಂಬುವುದು ಈಗ ನನ್ನ ಕೆಲಸ. ತೀರ ಕಾದ ಮಧ್ಯಾಹ್ನಗಳಲ್ಲಿ ಮಾತ್ರ ಅಜ್ಜಿಯ ತಲೆದೆಸೆಯ ಕಿಟಕಿಗೆ ಒದ್ದೆಯ ತಟ್ಟಿಯೊಂದನ್ನು ಕಟ್ಟುತ್ತೇವೆ. ಅದಕ್ಕೆ ಅರ್ಧ ಕೊಡ ಸಾಕು.

ಸಾತ್ ಮಂಜಿಲಿನ ಕೊಳವೆಗಳು ಬತ್ತಿ ಶತಮಾನಗಳಾದುವು. ನವರಸಪುರದ ಗೋಡೆಗಳ ಸುತ್ತ ಈಗ ಹೊಲಗಳಿವೆ. ತಾಜ್ ಬಾವಡಿಯಲ್ಲಿ ಮಾತ್ರ, ನಾವು ಹೋದ ದಿನವೂ, ನೀರಿದ್ದಿತು. ನಮ್ಮ ಗುಂಪಿನವರೆಲ್ಲ ಬಿಸಿಲಿನಲ್ಲಿ ಬಸವಳಿದು ಅದರ ಕಮಾನಿನ ನೆರಳಿನಲ್ಲಿ ಕುಳಿತೆವು. ಕೆಳಗಿನಿಂದ ಬಂದ ಗಾಳಿ ತಣ್ಣಗಿದ್ದಿತು.